ಲೆಕ್ಕ ಸರಿಯಿತ್ತು, ರೋಗಿ ಉಳಿಯಲಿಲ್ಲ

ಪರೀಕ್ಷೆಯ ಫಲಿತಾಂಶ ಬಂದ ದಿನ ಯಾವ ಮನೆಗೆ ಹೋದರೂ ಕೇಳಿಬರುವ ಪ್ರಶ್ನೆ ಒಂದೇ: 'ಎಷ್ಟು ಬಂತು?' ಅಜ್ಜಿ ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ, ಊರಿನಿಂದ ಫೋನು ಮಾಡಿದ ಚಿಕ್ಕಪ್ಪನೂ ಕೇಳುತ್ತಾರೆ. 'ಏನು ಕಲಿತೆ?' ಎಂದು ಕೇಳುವವರು ವಿರಳ. ಕೇಳಿದರೂ ಉತ್ತರ ಹೇಳುವುದು ಕಷ್ಟ. ಅಂಕವಾದರೆ ಎರಡಂಕಿಯಲ್ಲಿ ಮುಗಿದುಹೋಗುತ್ತದೆ. ಕಲಿತದ್ದನ್ನು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ.

ಸುಲಭವಾಗಿ ಎಣಿಸಲು ಸಿಗುವುದನ್ನು ಎಣಿಸಿ, ಅದೇ ನಿಜವೆಂದು ನಂಬಿಬಿಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಹೆಸರಾಂತ ವೈದ್ಯರೂ ಈ ಹಳ್ಳಕ್ಕೆ ಬಿದ್ದದ್ದುಂಟು. ಕಚೇರಿ, ಕಾರ್ಖಾನೆಗಳನ್ನು ನಡೆಸುವವರೂ ಬಿದ್ದದ್ದುಂಟು. ಅವರನ್ನು ಅಲ್ಲಿಂದ ಮೇಲೆತ್ತಿದ್ದು ಸಂಶೋಧನೆ. ಇಲ್ಲಿ ಎರಡು ವಿದ್ಯೆಗಳ ಕಥೆಯಿದೆ. ಒಂದು, ಹೃದಯದ ಮಿಡಿತ ತಾಳ ತಪ್ಪುವ ಕಾಯಿಲೆಗಳ ಅಧ್ಯಯನ. ಇನ್ನೊಂದು, ಜನರ ಗುಂಪನ್ನು ಮುನ್ನಡೆಸುವ ನಾಯಕತ್ವದ ಅಧ್ಯಯನ. ಮೊದಲನೆಯದು ವೈದ್ಯಕೀಯ ಕಾಲೇಜಿನಲ್ಲಿ ನಡೆಯುವಂಥದ್ದು, ಎರಡನೆಯದು ಮನಶ್ಶಾಸ್ತ್ರ ಮತ್ತು ವ್ಯವಹಾರ ನಿರ್ವಹಣೆಯ ವಿಭಾಗಗಳಲ್ಲಿ. ಮೇಲ್ನೋಟಕ್ಕೆ ಸಂಬಂಧವೇ ಇಲ್ಲದ ಇವೆರಡೂ ಕಲಿಸುವ ಪಾಠ ಮಾತ್ರ ಒಂದೇ.

ಎದೆಯೊಳಗಿನ ತಾಳಗಾರ

ಬಲಗೈಯ ಬೆರಳುಗಳನ್ನು ಎಡ ಮಣಿಕಟ್ಟಿನ ಮೇಲಿಟ್ಟು ನೋಡಿ. ಆರೋಗ್ಯವಂತರಲ್ಲಿ ನಾಡಿ ನಿಮಿಷಕ್ಕೆ ಸುಮಾರು 60ರಿಂದ 100 ಸಲ ಮಿಡಿಯುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಹತ್ತಿರಹತ್ತಿರ ಒಂದು ಲಕ್ಷ. ನಾವು ನಿದ್ದೆ ಮಾಡಿದರೂ ನಿಲ್ಲದ ಈ ತಾಳವನ್ನು ಹಾಕುವವರು ಯಾರು?

ಇದಕ್ಕೆ ಉತ್ತರ ಸಿಕ್ಕಿದ್ದರಲ್ಲಿ ಒಬ್ಬ ವಿದ್ಯಾರ್ಥಿಯ ಪಾಲಿದೆ. 1906ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಅಂಗರಚನಾ ತಜ್ಞ ಆರ್ಥರ್ ಕೀತ್ ಅವರ ಹಳ್ಳಿಮನೆಯಲ್ಲಿ ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದ. ನೆಲದಡಿ ಬಿಲ ತೋಡಿ ಬದುಕುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯವನ್ನು ತೆಳುವಾಗಿ ಸೀಳಿ ನೋಡುತ್ತಿದ್ದಾಗ, ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸುತ್ತಲಿನ ಸ್ನಾಯುವಿಗಿಂತ ಬೇರೆಯಾಗಿ ಕಾಣುವ ಒಂದು ಗಂಟು ಅವನ ಕಣ್ಣಿಗೆ ಬಿತ್ತು. ಗುರುಶಿಷ್ಯರು ಅದನ್ನು 1907ರಲ್ಲಿ ಪ್ರಕಟಿಸಿದರು. ನಮ್ಮ ಹೃದಯದ ತಾಳಗಾರ ಆ ಗಂಟೇ. ಅಲ್ಲಿ ಹುಟ್ಟಿದ ವಿದ್ಯುತ್ ಸಂಕೇತ ಮೊದಲು ಮೇಲಿನ ಎರಡು ಕೋಣೆಗಳಿಗೆ, ಅಂದರೆ ಹೃತ್ಕರ್ಣಗಳಿಗೆ ಹರಡುತ್ತದೆ. ನಡುವಿನ ಇನ್ನೊಂದು ಗಂಟಿನಲ್ಲಿ ಕ್ಷಣಕಾಲ ತಡೆದು, ಬಳಿಕ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಮೇಲಿನ ಕೋಣೆಗಳು ರಕ್ತವನ್ನು ಕೆಳಕ್ಕೆ ತಳ್ಳಿದ ಮೇಲೆಯೇ ಕೆಳಗಿನವು ಅದನ್ನು ದೇಹಕ್ಕೆ ದೂಡುವ ಏರ್ಪಾಟು ಇದು.

ಈ ವಿದ್ಯುತ್ತನ್ನು ಮೈಯ ಹೊರಗಿನಿಂದಲೇ ಚೆನ್ನಾಗಿ ದಾಖಲಿಸುವ ಉಪಕರಣವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದವರು ಹಾಲೆಂಡಿನ ವಿಲ್ಲೆಮ್ ಐಂತೊವೆನ್. ಅದಕ್ಕಾಗಿ ಅವರಿಗೆ 1924ರಲ್ಲಿ ನೊಬೆಲ್ ಬಹುಮಾನ ಬಂತು. ಇಂದು ತಾಲ್ಲೂಕು ಆಸ್ಪತ್ರೆಯಲ್ಲೂ ತೆಗೆಯುವ ಇಸಿಜಿಯ ಮೂಲ ಅದು. ಇಸಿಜಿ ಬಂದ ಮೇಲೆ ಹೃದಯದ ತಾಳ ತಪ್ಪುವುದನ್ನು ಕಾಗದದ ಮೇಲೆ ಕಣ್ಣಾರೆ ನೋಡುವುದು ಸಾಧ್ಯವಾಯಿತು. ನೋಡಬಹುದಾದ್ದನ್ನು ಎಣಿಸಬಹುದು. ಎಣಿಕೆಯ ಕಥೆ ಶುರುವಾಗುವುದೇ ಇಲ್ಲಿ.

ಹುಸಿಮಾತ್ರೆ ಗೆದ್ದಾಗ

ತಾಳಗಾರನ ಅಪ್ಪಣೆಗೆ ಕಾಯದೆ ಹೃತ್ಕುಕ್ಷಿ ಒಮ್ಮೊಮ್ಮೆ ತಾನೇ ಮಿಡಿದುಬಿಡುತ್ತದೆ. ಇದು ಅಕಾಲ ಮಿಡಿತ. 'ಎದೆ ಧಸಕ್ಕೆಂದಿತು' ಎನ್ನುತ್ತೇವಲ್ಲ, ಕೆಲವೊಮ್ಮೆ ಅದು ಇದೇ. ಆರೋಗ್ಯವಂತರಲ್ಲೂ ಆಗಾಗ ಇರುತ್ತದೆ, ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಹೃದಯಾಘಾತವಾಗಿ ಬದುಕಿದವರಲ್ಲಿ ಇಂಥ ಮಿಡಿತಗಳು ಹೆಚ್ಚಾಗಿದ್ದರೆ, ಅವರು ಹಠಾತ್ತನೆ ಸಾಯುವ ಸಂಭವವೂ ಹೆಚ್ಚು ಎಂಬುದನ್ನು ವೈದ್ಯರು ಗಮನಿಸಿದ್ದರು.

ಮುಂದಿನ ತರ್ಕ ಎಷ್ಟು ಸಹಜ ನೋಡಿ. ಅಕಾಲ ಮಿಡಿತ ಹೆಚ್ಚಿದ್ದವರು ಸಾಯುತ್ತಾರೆ. ಅಕಾಲ ಮಿಡಿತವನ್ನು ಅಡಗಿಸುವ ಮಾತ್ರೆಗಳಿವೆ. ಆದ್ದರಿಂದ ಮಾತ್ರೆ ಕೊಟ್ಟರೆ ಸಾವು ತಪ್ಪುತ್ತದೆ! 1980ರ ದಶಕದಲ್ಲಿ ಎನ್ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಅಮೆರಿಕದ ಮಾರುಕಟ್ಟೆಗೆ ಬಂದವು. ರೋಗಿಯ ಸೊಂಟಕ್ಕೆ ಒಂದು ಪುಟ್ಟ ಯಂತ್ರ ಕಟ್ಟಿ ದಿನವಿಡೀ ಮಿಡಿತ ದಾಖಲಿಸಿ ನೋಡಿದರೆ, ಮಾತ್ರೆ ತೆಗೆದುಕೊಂಡ ಮೇಲೆ ಅಕಾಲ ಮಿಡಿತಗಳು ಮಾಯ. ವೈದ್ಯರಿಗೂ ಸಮಾಧಾನ, ರೋಗಿಗೂ ಸಮಾಧಾನ. ಕಾಗದದ ಮೇಲಿನ ಲೆಕ್ಕ ಸರಿಯಾಗಿತ್ತು.

ಆದರೂ ಇದನ್ನು ಪರೀಕ್ಷಿಸಿ ನೋಡಬೇಕೆಂದು ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ 1987ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭಿಸಿತು. 'ಕಾಸ್ಟ್' ಎಂಬ ಸಂಕ್ಷಿಪ್ತ ಹೆಸರಿನಿಂದ ಅದು ಪ್ರಸಿದ್ಧ. ಮೊದಲು ಹೃದಯಾಘಾತವಾಗಿ ಬದುಕಿದ ರೋಗಿಗಳಿಗೆ ಔಷಧ ಕೊಟ್ಟು, ಯಾರಲ್ಲಿ ಅಕಾಲ ಮಿಡಿತಗಳು ಚೆನ್ನಾಗಿ ಅಡಗಿದವೋ ಅಂಥವರನ್ನೇ ಆರಿಸಿಕೊಂಡರು. ಬಳಿಕ ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅದೇ ಔಷಧ. ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ನೋಡಿಕೊಳ್ಳುವ ವೈದ್ಯರಿಗೂ ತಿಳಿಯದು. ಕೈಯಲ್ಲಿ ಔಷಧವಿದ್ದೂ ಅರ್ಧ ಜನಕ್ಕೆ ಹುಸಿಮಾತ್ರೆ ಕೊಡುವುದು ನ್ಯಾಯವೆ ಎಂದು ಆಗ ಆಕ್ಷೇಪಿಸಿದವರೂ ಇದ್ದರು.

1989ರ ಏಪ್ರಿಲ್‌ನಲ್ಲಿ ಈ ಎರಡು ಔಷಧಗಳ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಲೆಕ್ಕ ನೋಡುತ್ತಿದ್ದ ಸಮಿತಿಗೆ ಕಂಡದ್ದು ಯಾರೂ ಎಣಿಸಿರದ ಸಂಗತಿ. 1991ರಲ್ಲಿ ಪ್ರಕಟವಾದ ಪೂರ್ಣ ವರದಿಯ ಪ್ರಕಾರ, ಔಷಧ ಪಡೆದ 755 ಜನರಲ್ಲಿ 63 ಮಂದಿ ಸತ್ತಿದ್ದರು. ಹುಸಿಮಾತ್ರೆ ಪಡೆದ 743 ಜನರಲ್ಲಿ ಸತ್ತವರು 26. ಸರಾಸರಿ ಹತ್ತೇ ತಿಂಗಳಲ್ಲಿ, ಔಷಧ ತೆಗೆದುಕೊಂಡವರಲ್ಲಿ ಸಾವು ಎರಡು ಪಟ್ಟಿಗೂ ಹೆಚ್ಚು! ಇವರೆಲ್ಲ ಯಾರು? ಮಾತ್ರೆ 'ಚೆನ್ನಾಗಿ ಕೆಲಸ ಮಾಡಿದೆ' ಎಂದು ಯಂತ್ರ ತೋರಿಸಿದ್ದ ರೋಗಿಗಳೇ.

ಹೀಗೇಕಾಯಿತು? ಈ ಔಷಧಗಳು ಹೃದಯದಲ್ಲಿ ವಿದ್ಯುತ್ತು ಹರಿಯುವ ವೇಗವನ್ನು ತಗ್ಗಿಸುತ್ತವೆ. ಆಘಾತದಿಂದ ಅಲ್ಲಲ್ಲಿ ಗಾಯದ ಕಲೆ ಉಳಿದ ಹೃದಯದಲ್ಲಿ ವೇಗ ತಗ್ಗಿದರೆ, ನೇರ ಸಾಗಬೇಕಾದ ಅಲೆ ಕಲೆಯ ಸುತ್ತ ಗಿರಕಿ ಹೊಡೆಯತೊಡಗಬಹುದು. ದಾರಿ ಸಿಗದ ಬಸ್ಸು ಅದೇ ನಾಲ್ಕು ಬೀದಿಗಳನ್ನು ಸುತ್ತಿದ ಹಾಗೆ. ಆ ಗಿರಕಿಯಿಂದ ಮಾರಕವಾದ ತಾಳತಪ್ಪು ಹುಟ್ಟುತ್ತದೆ. ಬಿಡಿಬಿಡಿಯಾದ ಅಕಾಲ ಮಿಡಿತ ಅಪಾಯದ ಗುರುತಾಗಿತ್ತೇ ಹೊರತು ಅದನ್ನು ಅಳಿಸಿದರೆ ಅಪಾಯವೇ ಅಳಿಯುವಂತಿರಲಿಲ್ಲ. ಹೊಗೆಯನ್ನು ಬೀಸಣಿಗೆಯಿಂದ ಓಡಿಸಿದರೆ ಬೆಂಕಿ ಆರುವುದೆ? ಬೀಸಿದ ಗಾಳಿಗೆ ಹೆಚ್ಚೇ ಉರಿಯಬಹುದು.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ತಮ್ಮ ಮಾತ್ರೆಗಳನ್ನು ನಿಲ್ಲಿಸಬಾರದು. ಎನ್ಕೈನೈಡ್ ಮಾರುಕಟ್ಟೆಯಿಂದ ಹೋಯಿತು. ಫ್ಲೆಕೈನೈಡ್ ಈಗಲೂ ಇದೆ. ಹೃದಯದ ರಚನೆಯಲ್ಲಿ ದೋಷವಿಲ್ಲದ ಕೆಲವು ರೋಗಿಗಳಿಗೆ ಅದು ಉಪಯುಕ್ತವೇ. ಯಾವ ರೋಗಿಗೆ ಯಾವುದು ಎಂಬ ವಿವೇಕವನ್ನು ಕಲಿಸಿದ್ದೇ ಈ ಅಧ್ಯಯನ.

ಎಣಿಸಬೇಕಾದ್ದು ಯಾವುದು?

ಹಾಗಾದರೆ ಹೃದಯಾಘಾತವಾಗಿ ದುರ್ಬಲವಾದ ಹೃದಯಕ್ಕೆ ಏನು ದಾರಿ? ಸಂಶೋಧಕರು ಈಗ ಬೇರೆ ಲೆಕ್ಕ ಹಿಡಿದರು. ಮಿಡಿತ ಎಣಿಸುವುದನ್ನು ಬಿಟ್ಟು ಬದುಕಿದವರನ್ನು ಎಣಿಸಿದರು. ಮಾರಕ ತಾಳತಪ್ಪು ಕಂಡೊಡನೆ ಒಳಗಿನಿಂದಲೇ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಪುಟ್ಟ ಯಂತ್ರವನ್ನು ಎದೆಯ ಚರ್ಮದಡಿ ಇಡಬಹುದು. ಅಂಥ ಯಂತ್ರದ ಬಗ್ಗೆ 1232 ರೋಗಿಗಳ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಸರಾಸರಿ 20 ತಿಂಗಳಲ್ಲಿ, ಯಂತ್ರವಿಲ್ಲದವರಲ್ಲಿ ನೂರಕ್ಕೆ 19.8 ಮಂದಿ ಸತ್ತರೆ, ಯಂತ್ರವಿದ್ದವರಲ್ಲಿ 14.2. ಯಂತ್ರ ಅಕಾಲ ಮಿಡಿತವನ್ನು ಅಡಗಿಸುವುದಿಲ್ಲ. ಆದರೆ ಪ್ರಾಣ ಉಳಿಸುತ್ತದೆ.

ಇದೇ ಪ್ರಶ್ನೆ ಈಚೆಗೆ ಇನ್ನೊಂದು ರೂಪದಲ್ಲಿ ಬಂತು. ವಯಸ್ಸಾದವರಲ್ಲಿ ಹೃತ್ಕರ್ಣಗಳು ಸರಿಯಾಗಿ ಸಂಕುಚಿಸದೆ ಸುಮ್ಮನೆ ಅದುರುವ ತೊಂದರೆ ಸಾಮಾನ್ಯ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಈ ತೊಂದರೆ ಇದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೆದುಬಂದ ಅಧ್ಯಯನ 1991ರಲ್ಲಿ ತಿಳಿಸಿತ್ತು. ಹಾಗಾದರೆ ಹುಡುಕಿ ಹುಡುಕಿ ಪತ್ತೆ ಮಾಡಿದರೆ ಲಕ್ವ ತಗ್ಗಬೇಕಲ್ಲವೆ? ಡೆನ್ಮಾರ್ಕಿನಲ್ಲಿ 70ರಿಂದ 90 ವರ್ಷದ 6004 ಜನರಲ್ಲಿ ಇದನ್ನು ಪರೀಕ್ಷಿಸಿದರು. ಕೆಲವರ ಎದೆಯ ಚರ್ಮದಡಿ ಸದಾ ಮಿಡಿತ ಗಮನಿಸುವ ಯಂತ್ರ ಇಟ್ಟರು. ಉಳಿದವರಿಗೆ ಮಾಮೂಲಿನ ಆರೈಕೆ. 2021ರಲ್ಲಿ ಫಲಿತಾಂಶ ಬಂತು. ಯಂತ್ರವಿದ್ದವರಲ್ಲಿ ನೂರಕ್ಕೆ 31.8 ಜನರಲ್ಲಿ ತೊಂದರೆ ಪತ್ತೆಯಾಯಿತು, ಇಲ್ಲದವರಲ್ಲಿ 12.2. ಪತ್ತೆಯಾದವರಲ್ಲಿ ಹೆಚ್ಚಿನವರಿಗೆ ರಕ್ತ ಹೆಪ್ಪುಗಟ್ಟದಂತೆ ಔಷಧವನ್ನೂ ಕೊಟ್ಟರು. ಆದರೆ ಲಕ್ವ ಮುಂತಾದ ಅನಾಹುತ ಆದದ್ದು ನೂರಕ್ಕೆ 4.5 ಮತ್ತು 5.6. ಈ ವ್ಯತ್ಯಾಸ ಕಾಕತಾಳೀಯವಲ್ಲ ಎಂದು ಹೇಳಲು ಸಾಲದಷ್ಟು ಚಿಕ್ಕದು. ಪತ್ತೆಯ ಲೆಕ್ಕ ಎರಡೂವರೆ ಪಟ್ಟು ಏರಿತು, ಪ್ರಯೋಜನ ಆ ಪ್ರಮಾಣದಲ್ಲಿ ಏರಲಿಲ್ಲ. ಕೈಗಡಿಯಾರವೇ ನಾಡಿ ನೋಡುವ ಈ ಕಾಲದಲ್ಲಿ ನೆನಪಿಡಬೇಕಾದ ಮಾತಿದು.

ಯಜಮಾನರು ಹೊರಗೆ ಹೋದಾಗ

ಹೃದಯ ನಾಲ್ಕು ಕೋಣೆಗಳನ್ನು ಒಂದೇ ತಾಳದಲ್ಲಿ ನಡೆಸಬೇಕು. ಒಬ್ಬ ಮುಂದಾಳು ಹತ್ತಾರು ಮನುಷ್ಯರನ್ನು ನಡೆಸಬೇಕು. ಒಳ್ಳೆಯ ಮುಂದಾಳು ಯಾರು ಎಂಬುದನ್ನು ಕೂಡ ಪ್ರಯೋಗ ಮಾಡಿ ತಿಳಿಯಬಹುದು ಎಂದು ಹೊರಟವರಲ್ಲಿ ಕರ್ಟ್ ಲೆವಿನ್ ಮೊದಲಿಗರು. ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಬಂದಾಗ ದೇಶ ಬಿಟ್ಟು ಅಮೆರಿಕಕ್ಕೆ ಬಂದ ಯಹೂದಿ ಮನಶ್ಶಾಸ್ತ್ರಜ್ಞ ಅವರು. ಸರ್ವಾಧಿಕಾರವೆಂದರೇನು ಎಂಬ ಪ್ರಶ್ನೆ ಅವರಿಗೆ ಬರಿಯ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

1930ರ ದಶಕದ ಕೊನೆಯಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಲೆವಿನ್, ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ ಹತ್ತು ವರ್ಷದ ಆಸುಪಾಸಿನ ಹುಡುಗರ ಪುಟ್ಟ ಸಂಘಗಳನ್ನು ಕಟ್ಟಿದರು. ಮುಖವಾಡ ಮಾಡುವುದು ಮುಂತಾದ ಕೆಲಸ. ಒಂದೊಂದು ಸಂಘಕ್ಕೂ ಒಬ್ಬ ದೊಡ್ಡವರು ಮುಂದಾಳು. ಕೆಲವೆಡೆ ಮುಂದಾಳು ಹೇಳಿದ್ದೇ ವೇದವಾಕ್ಯ. ಕೆಲವೆಡೆ ಹುಡುಗರೊಡನೆ ಕೂತು ಚರ್ಚಿಸಿ ತೀರ್ಮಾನ. ಇನ್ನು ಕೆಲವೆಡೆ ಮುಂದಾಳು ಇದ್ದೂ ಇಲ್ಲದಂತೆ, ಯಾರು ಏನಾದರೂ ಮಾಡಿಕೊಳ್ಳಲಿ ಎಂಬ ಧೋರಣೆ.

ಮುಂದಾಳು ಕೋಣೆಯಲ್ಲಿದ್ದಾಗ ಅಳೆದು ನೋಡಿದರೆ ಅಪ್ಪಣೆಯ ಗುಂಪೇ ಮುಂದು. ತಲೆಬಾಗಿ ನಡೆಯುತ್ತಿದ್ದ ಆ ಗುಂಪಿನ ಹುಡುಗರು ನೂರರಲ್ಲಿ ಸುಮಾರು 74 ಪಾಲು ಸಮಯ ಕೆಲಸದಲ್ಲಿ ತೊಡಗಿದ್ದರು. ಚರ್ಚೆಯ ಗುಂಪಿನಲ್ಲಿ ಅದು 50ರ ಸುಮಾರು. ಲೆಕ್ಕ ಇಲ್ಲಿಗೇ ನಿಂತಿದ್ದರೆ ಬೆತ್ತವೇ ಗೆಲ್ಲುತ್ತಿತ್ತು. ಆದರೆ ಸಂಶೋಧಕರು ಇನ್ನೊಂದು ಉಪಾಯ ಮಾಡಿದ್ದರು. ನಡುವೆ ಮುಂದಾಳು ಏನೋ ನೆಪದಿಂದ ಕೋಣೆಯ ಹೊರಗೆ ಹೋಗಬೇಕು. ಆಗ ಅಪ್ಪಣೆಯ ಗುಂಪಿನ ಕೆಲಸ 74ರಿಂದ 29ಕ್ಕೆ ಕುಸಿಯಿತು. ಚರ್ಚೆಯ ಗುಂಪಿನದು 50ರಿಂದ 46. ಅಂದರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಅಪ್ಪ ಮನೆಯಲ್ಲಿದ್ದಾಗ ಪುಸ್ತಕದ ಮುಂದೆ ಅಲ್ಲಾಡದೆ ಕೂತ ಹುಡುಗ, ಅಪ್ಪನ ಸ್ಕೂಟರ್ ಗೇಟು ದಾಟಿದ ಸದ್ದು ಕೇಳಿದೊಡನೆ ಎದ್ದು ಓಡುವ ದೃಶ್ಯ ನಮಗೇನು ಹೊಸದೆ? ಎಷ್ಟು ಹೊತ್ತು ಕೂತ ಎಂಬ ಲೆಕ್ಕ ಸುಲಭ. ಹೊರಗೆ ಹೋದ ಮೇಲೆ ಏನಾಯಿತು ಎಂಬುದು ನಿಜವಾದ ಲೆಕ್ಕ.

ಪಟ್ನಾದ ಪಾಠ

ಆದರೆ ಅಮೆರಿಕದ ಕೆಲವೇ ಹುಡುಗರನ್ನು ನೋಡಿ ಇಡೀ ಜಗತ್ತಿಗೆ ಸೂತ್ರ ಬರೆಯಬಹುದೆ? ಈ ಸಂದೇಹ ಭಾರತದ ಮನಶ್ಶಾಸ್ತ್ರಜ್ಞ ಜೈ ಬಿ.ಪಿ. ಸಿನ್ಹಾ ಅವರಿಗೆ ಬಂತು. ಪಟ್ನಾದಲ್ಲಿ ಕೆಲಸ ಮಾಡಿದ ಅವರು ನಮ್ಮ ಕಚೇರಿ, ಕಾರ್ಖಾನೆಗಳಲ್ಲಿ ಬೇರೆಯೇ ರೀತಿಯನ್ನು ಕಂಡರು. ಇಲ್ಲಿ ಕೈಕೆಳಗಿನವರು ಮೇಲಿನವರಿಂದ ಬರಿಯ ಆದೇಶವನ್ನಲ್ಲ, ಹಿರಿಯರ ಅಕ್ಕರೆಯನ್ನೂ ಬಯಸುತ್ತಾರೆ. ಮೊದಲ ದಿನವೇ 'ನೀವೇ ತೀರ್ಮಾನಿಸಿ' ಎಂದುಬಿಟ್ಟರೆ ಗಲಿಬಿಲಿಗೊಳ್ಳುತ್ತಾರೆ.

1980ರಲ್ಲಿ ಪ್ರಕಟವಾದ 'ದಿ ನರ್ಚರೆಂಟ್ ಟಾಸ್ಕ್ ಲೀಡರ್' ಪುಸ್ತಕದಲ್ಲಿ ಸಿನ್ಹಾ ತಮ್ಮ ವಿಚಾರವನ್ನು ವಿವರಿಸಿದರು. ಇಲ್ಲಿ ಫಲ ಕೊಡುವ ಮುಂದಾಳು ಕೆಲಸದಲ್ಲಿ ಬಿಗಿ, ಮನುಷ್ಯರಲ್ಲಿ ಅಕ್ಕರೆ. ಚೆನ್ನಾಗಿ ಕೆಲಸ ಮಾಡಿದವನ ಬೆನ್ನು ತಟ್ಟುತ್ತಾನೆ. ಅವನು ಪಳಗಿದಂತೆಲ್ಲ ಕೈಹಿಡಿತ ಸಡಿಲಿಸಿ, ಕೊನೆಗೆ ಸಮಾನನಾಗಿ ಕೂರಿಸಿಕೊಂಡು ತೀರ್ಮಾನದಲ್ಲಿ ಪಾಲು ಕೊಡುತ್ತಾನೆ. ನಡೆಯಲು ಕಲಿಯುವ ಮಗುವಿನ ಕೈ ಹಿಡಿಯುವುದು, ಮುಂದೆ ಬಿಡುವುದಕ್ಕಾಗಿಯೇ ಅಲ್ಲವೆ? ಪುಸ್ತಕದ ಸೂತ್ರವನ್ನು ತಮ್ಮ ನೆಲದಲ್ಲಿ ಒರೆಗೆ ಹಚ್ಚಿದ್ದು ಸಿನ್ಹಾ ಅವರ ದೊಡ್ಡತನ.

ತಪ್ಪು ಹೆಚ್ಚಿದ್ದ ಒಳ್ಳೆಯ ವಾರ್ಡು

ಈಗ ಮತ್ತೆ ಆಸ್ಪತ್ರೆಗೆ ಬರೋಣ, ನಾಯಕತ್ವದ ಪ್ರಶ್ನೆಯನ್ನು ಹಿಡಿದುಕೊಂಡೇ. ಏಮಿ ಎಡ್ಮಂಡ್ಸನ್ ಎಂಜಿನಿಯರಿಂಗ್ ಮತ್ತು ವಿನ್ಯಾಸ ಓದಿ, ಎಂಜಿನಿಯರ್ ಆಗಿ ಕೆಲಸ ಮಾಡಿ, ಬಳಿಕ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಗುಂಪುಗಳ ಅಧ್ಯಯನಕ್ಕೆ ತಿರುಗಿದವರು. 1990ರ ದಶಕದ ಆರಂಭದಲ್ಲಿ, ವಿದ್ಯಾರ್ಥಿನಿಯಾಗಿದ್ದಾಗ, ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದರಲ್ಲಿ ಸೇರಿಕೊಂಡರು. ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳು. ಅವರ ಊಹೆ ನಮ್ಮ ನಿಮ್ಮ ಊಹೆಯೇ: ಒಗ್ಗಟ್ಟಿನಿಂದ ಕೆಲಸ ಮಾಡುವ, ಒಳ್ಳೆಯ ಮುಖ್ಯಸ್ಥರಿರುವ ವಾರ್ಡಿನಲ್ಲಿ ತಪ್ಪು ಕಡಿಮೆ.

ಅಂಕಿಅಂಶ ಬಂದಾಗ ಅವರಿಗೆ ದಿಗಿಲು. ಎಲ್ಲ ತಿರುವುಮುರುವು! ಒಳ್ಳೆಯವೆಂದು ಗುರುತಿಸಿದ ವಾರ್ಡುಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು. ಅವರು ಅಂಕಿಗಳನ್ನು ಮುಚ್ಚಿಡಲಿಲ್ಲ, ಊಹೆಗೆ ತಕ್ಕಂತೆ ತಿದ್ದಲೂ ಇಲ್ಲ. ಬದಲಿಗೆ ಕೇಳಿಕೊಂಡರು: ನಾನು ಎಣಿಸುತ್ತಿರುವುದು ಆದ ತಪ್ಪುಗಳನ್ನೋ, ಹೊರಗೆ ಬಂದ ತಪ್ಪುಗಳನ್ನೋ?

ಇದನ್ನು ತಿಳಿಯಲು ಒಬ್ಬ ಸಹಾಯಕರನ್ನು ವಾರ್ಡುಗಳಿಗೆ ಕಳುಹಿಸಿದರು. ಎಲ್ಲಿ ಎಷ್ಟು ತಪ್ಪು ಎಂಬುದಾಗಲಿ, ಎಡ್ಮಂಡ್ಸನ್ ಅವರ ಊಹೆ ಏನೆಂಬುದಾಗಲಿ ಅವರಿಗೆ ತಿಳಿಸಿರಲಿಲ್ಲ. ಹುಸಿಮಾತ್ರೆಯ ಪರೀಕ್ಷೆಯಲ್ಲಿ ವೈದ್ಯರಿಂದಲೂ ಗುಟ್ಟು ಮುಚ್ಚಿಟ್ಟಂತೆಯೇ ಇದು. ಅವರು ಕಂಡುಬಂದದ್ದು ಹೀಗೆ. ಕೆಲವು ವಾರ್ಡುಗಳಲ್ಲಿ ದಾದಿಯರು ತಪ್ಪಾದರೆ ಕೂಡಲೇ ಹೇಳುತ್ತಿದ್ದರು, ಸೇರಿ ಸರಿಪಡಿಸುತ್ತಿದ್ದರು. ಮುಖ್ಯಸ್ಥೆ ಕಿವಿಗೊಡುತ್ತಿದ್ದರು. ಇನ್ನು ಕೆಲವೆಡೆ ತಪ್ಪು ಬಯಲಾದರೆ ಅಪರಾಧಿಯಂತೆ ನಿಲ್ಲಬೇಕಾದೀತೆಂಬ ಭಯ. ಅಲ್ಲಿ ತಪ್ಪುಗಳು ಆಗುತ್ತಿರಲಿಲ್ಲವೆಂದಲ್ಲ, ಬಾಯಿಗೆ ಬರುತ್ತಿರಲಿಲ್ಲ. ಕಾಗದದ ಮೇಲೆ ಶುಚಿಯಾಗಿದ್ದ ವಾರ್ಡು ರೋಗಿಗೆ ಹೆಚ್ಚು ಅಪಾಯದ್ದಾಗಿರಬಹುದು.

ಎಂಟೇ ವಾರ್ಡುಗಳಿಂದ ಇಷ್ಟು ದೊಡ್ಡ ಮಾತು ಸಾಬೀತಾಗುವುದಿಲ್ಲ. 1996ರಲ್ಲಿ ಇದನ್ನು ಪ್ರಕಟಿಸಿದ ಎಡ್ಮಂಡ್ಸನ್, ಬಳಿಕ ಒಂದು ತಯಾರಿಕಾ ಕಂಪನಿಯ 51 ತಂಡಗಳನ್ನು ಅಧ್ಯಯನ ಮಾಡಿ 1999ರಲ್ಲಿ ಇನ್ನೊಂದು ಪ್ರಬಂಧ ಬರೆದರು. ಬಾಯಿಬಿಟ್ಟರೆ ಅವಮಾನವಾಗದು ಎಂಬ ಧೈರ್ಯವಿದ್ದ ತಂಡಗಳಲ್ಲಿ ಕಲಿಕೆ ಹೆಚ್ಚು, ಕಲಿಕೆ ಹೆಚ್ಚಿದ್ದಲ್ಲಿ ಕೆಲಸವೂ ಉತ್ತಮ ಎಂಬುದು ಅದರ ಸಾರ.

ಆಪರೇಷನ್ ಕೋಣೆಯಲ್ಲಿ

ಹೃದಯ ಮತ್ತು ನಾಯಕತ್ವ ಎರಡೂ ಒಂದೇ ಕೋಣೆಯಲ್ಲಿ ಸೇರಿದ್ದು ಇದಾದ ಮೇಲೆ. ಎಡ್ಮಂಡ್ಸನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಅಮೆರಿಕದ 16 ಆಸ್ಪತ್ರೆಗಳಲ್ಲಿ ಹೊಸ ಬಗೆಯ ಹೃದಯ ಶಸ್ತ್ರಚಿಕಿತ್ಸೆಯನ್ನು ಕಲಿಯುತ್ತಿದ್ದ ತಂಡಗಳನ್ನು ಗಮನಿಸಿ, 2001ರಲ್ಲಿ ವರದಿ ಪ್ರಕಟಿಸಿದರು. ಹಳೆಯ ವಿಧಾನದಲ್ಲಿ ಎದೆಯ ಮೂಳೆ ಸೀಳಿ ಹೃದಯವನ್ನು ಕಣ್ಣೆದುರು ತೆರೆದಿಡುತ್ತಾರೆ. ಹೊಸದರಲ್ಲಿ ಪಕ್ಕೆಲುಬುಗಳ ನಡುವೆ ಸಣ್ಣ ಗಾಯ. ಶಸ್ತ್ರವೈದ್ಯರಿಗೆ ಎಲ್ಲವೂ ನೇರವಾಗಿ ಕಾಣದು. ಪರದೆಯ ಮೇಲೆ ಅರಿವಳಿಕೆ ವೈದ್ಯರು ಕಂಡದ್ದನ್ನು, ದಾದಿ ಕಂಡದ್ದನ್ನು, ರಕ್ತ ಪಂಪಿನ ತಂತ್ರಜ್ಞರು ಕಂಡದ್ದನ್ನು ಕೇಳಿಕೊಂಡೇ ಮುಂದುವರಿಯಬೇಕು.

ದೊಡ್ಡ ಹೆಸರಿನ ಆಸ್ಪತ್ರೆ, ಹಿರಿಯ ಶಸ್ತ್ರವೈದ್ಯರು ಇದ್ದಲ್ಲಿ ಬೇಗ ಕಲಿತಿರಬೇಕು ಎಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. ಆಸ್ಪತ್ರೆಯ ಹೆಸರೂ ಮುಂದಾಳಿನ ಹಿರಿತನವೂ ಗೆಲುವನ್ನು ನಿರ್ಧರಿಸಲಿಲ್ಲ. ಇದು ನನ್ನೊಬ್ಬನ ಕೈಚಳಕವಲ್ಲ, ನಾವೆಲ್ಲ ಸೇರಿ ಕಲಿಯಬೇಕಾದ್ದು ಎಂದು ತಿಳಿಹೇಳಿದ, ತನ್ನ ಕಣ್ತಪ್ಪನ್ನು ಎತ್ತಿ ತೋರಿಸಲು ಕಿರಿಯರಿಗೆ ಅವಕಾಶ ಕೊಟ್ಟ ಶಸ್ತ್ರವೈದ್ಯರ ತಂಡಗಳು ಮುಂದೆ ಹೋದವು. ಮೇಜಿನ ಮೇಲೆ ಮಲಗಿರುವ ರೋಗಿಗೆ ಬೇಕಾದ್ದು ಬಾಗಿಲ ಹಲಗೆಯ ಮೇಲಿನ ಪದವಿಗಳ ಸಾಲಲ್ಲ, 'ಸಾರ್, ಒಂದು ನಿಮಿಷ ನಿಲ್ಲಿಸಿ' ಎನ್ನಬಲ್ಲ ಒಬ್ಬ ದಾದಿ.

ಈ ದಾರಿಗೆ ಬರುವುದು ಹೇಗೆ?

ಇದನ್ನೆಲ್ಲ ಓದಿದ ವಿದ್ಯಾರ್ಥಿಗೆ ಆಸಕ್ತಿ ಹುಟ್ಟಿದರೆ, ತಾಯಿತಂದೆಯರಿಗೆ 'ಮುಂದೇನು ಗತಿ?' ಎಂಬ ಆತಂಕ ಹುಟ್ಟುವುದು ಸಹಜ. ಹೃದಯದ ತಾಳದ ತಜ್ಞರಾಗಲು ದಾರಿ ಉದ್ದ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷದ ಎಂ.ಡಿ., ಬಳಿಕ ಮೂರು ವರ್ಷದ ಡಿ.ಎಂ. ಹೃದ್ರೋಗ ಶಾಸ್ತ್ರ, ಅದರ ಮೇಲೆ ತಾಳದ ತೊಂದರೆಗಳಲ್ಲಿ ವಿಶೇಷ ತರಬೇತಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಿ.ಎಂ. ಓದಬಹುದು. ಆದರೆ ಇಂಥ ಸಂಶೋಧನೆ ವೈದ್ಯರೊಬ್ಬರಿಂದಲೇ ಆಗುವಂಥದ್ದಲ್ಲ. ಚೀಟಿ ಎತ್ತಿ ಗುಂಪು ಮಾಡುವುದನ್ನು, ವ್ಯತ್ಯಾಸ ಕಾಕತಾಳೀಯವೇ ಎಂದು ಹೇಳುವುದನ್ನು ಸಂಖ್ಯಾಶಾಸ್ತ್ರ ಓದಿದವರು ಮಾಡಬೇಕು. ಯಂತ್ರ ರೂಪಿಸಲು ಎಂಜಿನಿಯರುಗಳು ಬೇಕು. ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಹೃದಯದ ಬಾಗಿಲು ಮುಚ್ಚಿತೆಂದು ತಿಳಿಯಬೇಕಾಗಿಲ್ಲ.

ನಾಯಕತ್ವದ ಸಂಶೋಧನೆಗೆ ಮನಶ್ಶಾಸ್ತ್ರ, ಸಮಾಜಶಾಸ್ತ್ರ, ವ್ಯವಹಾರ ನಿರ್ವಹಣೆ ಯಾವುದರಿಂದಲೂ ಬರಬಹುದು. ಎಂಜಿನಿಯರಿಂಗ್‌ನಿಂದಲೂ ಬರಬಹುದೆಂಬುದಕ್ಕೆ ಎಡ್ಮಂಡ್ಸನ್ ಅವರೇ ಸಾಕ್ಷಿ. 1973ರಲ್ಲಿ ಆರಂಭವಾದ ಬೆಂಗಳೂರಿನ ಐಐಎಂ ಮುಂತಾದ ಸಂಸ್ಥೆಗಳಲ್ಲಿ ಪಿಎಚ್.ಡಿ. ಮಾಡುವವರಿಗೆ ಶಿಷ್ಯವೇತನವೂ ಉಂಟು. ಐಐಎಂ ಎಂದರೆ ಬರಿಯ ಎಂಬಿಎ ಮತ್ತು ದೊಡ್ಡ ಸಂಬಳ ಎಂದುಕೊಂಡವರಿಗೆ ಇದು ತಿಳಿದಿರಲಾರದು.

ಓದು ಯಾವುದಾದರೂ ಆಗಲಿ, ಬೇಕಾದ ಗುಣ ಒಂದೇ. ತನ್ನ ಊಹೆ ಸುಳ್ಳೆಂದು ಅಂಕಿಗಳು ಹೇಳಿದಾಗ ಅದನ್ನು ಕೇಳಿಸಿಕೊಳ್ಳುವ ಗುಣ. ಕಾಸ್ಟ್ ಅಧ್ಯಯನವನ್ನು ನಡೆಸಿದವರಲ್ಲಿ ಆ ಮಾತ್ರೆಗಳನ್ನು ನಂಬಿದ್ದವರೇ ಹೆಚ್ಚು. ಆದರೂ ಸಾವಿನ ಲೆಕ್ಕ ಕಂಡೊಡನೆ ನಿಲ್ಲಿಸಿದರು, ಜಗತ್ತಿಗೆ ತಿಳಿಸಿದರು. ಆ ಒಂದು ಪ್ರಾಮಾಣಿಕತೆಯಿಂದ ಮುಂದೆ ಉಳಿದ ಜೀವಗಳು ಎಷ್ಟೋ.

ಮನೆಯ ಅಂಕಪಟ್ಟಿ

ಕೊನೆಗೆ, ಎಲ್ಲಿಂದ ಹೊರಟೆವೋ ಅಲ್ಲಿಗೆ ಬರೋಣ. ಅಂಕಗಳು ಬೇಡವೆಂದು ಯಾರೂ ಹೇಳುತ್ತಿಲ್ಲ. ಇಸಿಜಿ ಬೇಡವೆಂದು ಯಾವ ವೈದ್ಯರೂ ಹೇಳುವುದಿಲ್ಲ. ಎರಡೂ ಒಳಗಿನ ಸ್ಥಿತಿಯ ಗುರುತುಗಳು. ಗುರುತನ್ನೇ ಗುರಿ ಮಾಡಿಕೊಂಡಾಗ ತೊಂದರೆ. ಅರ್ಥವಾಗದ ಪಾಠವನ್ನು ಉರುಹೊಡೆಸಿ ಅಂಕ ಏರಿಸುವುದು, ಅಕಾಲ ಮಿಡಿತವನ್ನು ಮಾತ್ರೆಯಿಂದ ಅಡಗಿಸಿದಂತೆ. ಕಾಗದ ಚೆನ್ನಾಗಿರುತ್ತದೆ. ಪಿಯುಸಿಯ ಪಾಠ ತಿಳಿಯದೆ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಮೊದಲ ಸೆಮಿಸ್ಟರಿನಲ್ಲೇ ಮುಗ್ಗರಿಸುವವರನ್ನು ನಾವು ನೋಡಿಲ್ಲವೆ?

ಮನೆಯೂ ಒಂದು ವಾರ್ಡೇ. ತಾಯಿತಂದೆಯರೇ ಅದರ ಮುಂದಾಳುಗಳು. 'ನಮ್ಮ ಮಗು ಏನೂ ತೊಂದರೆ ಹೇಳುವುದಿಲ್ಲ, ತುಂಬ ಒಳ್ಳೆಯದು' ಎಂದು ಹೆಮ್ಮೆಪಡುವ ಮೊದಲು ಒಮ್ಮೆ ಯೋಚಿಸಬೇಕು. ತೊಂದರೆ ಇಲ್ಲವೋ, ಹೇಳಲು ಧೈರ್ಯವಿಲ್ಲವೋ? ಕಿರುಪರೀಕ್ಷೆಯಲ್ಲಿ ಕಡಿಮೆ ಬಂದ ಉತ್ತರಪತ್ರಿಕೆಯನ್ನು ಚೀಲದ ತಳದಲ್ಲಿ ಅಡಗಿಸಿಟ್ಟ ಮಗುವಿನ ಮನೆಯಲ್ಲಿ ತಪ್ಪುಗಳ ಲೆಕ್ಕ ಸೊನ್ನೆ. ಅದನ್ನು ತಂದು ಅಮ್ಮನ ಮುಂದಿಟ್ಟು 'ಇದು ನನಗೆ ಗೊತ್ತಾಗಲಿಲ್ಲ' ಎನ್ನುವ ಮಗುವಿನ ಮನೆಯಲ್ಲಿ ಲೆಕ್ಕ ಹೆಚ್ಚು. ಕಲಿಕೆ ನಡೆಯುತ್ತಿರುವುದು ಎಲ್ಲಿ?

ವಿದ್ಯಾರ್ಥಿಗಳಿಗೂ ಒಂದು ಮಾತು. ಅಪ್ಪ ಅಮ್ಮ ಕೋಪಿಸಿಕೊಂಡಾರೆಂಬ ಭಯ ಎಲ್ಲರಿಗೂ ಇರುತ್ತದೆ. ಆದರೂ ಒಮ್ಮೆ ಬಾಯಿಬಿಟ್ಟು ನೋಡಿ. ಕೇಳಿಸಿಕೊಳ್ಳಲು ಅವರೂ ಕಲಿಯಬೇಕಷ್ಟೆ. ನೀವು ಹೇಳದೆ ಅವರು ಕಲಿಯುವುದು ಹೇಗೆ? ಮುಂದಿನ ಸಲ ಅಂಕಪಟ್ಟಿ ಬಂದ ದಿನ, 'ಎಷ್ಟು ಬಂತು?' ಎಂದು ಕೇಳಿದ ಮೇಲೆ ಅಪ್ಪ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: 'ಯಾವ ಪಾಠ ಇನ್ನೂ ತಿಳಿದಿಲ್ಲ, ಮಗೂ?' ಆ ಪ್ರಶ್ನೆಗೆ ಮಗು ಹೆದರದೆ ಉತ್ತರ ಹೇಳಿದರೆ, ಆ ಮನೆಯ ಎದೆ ಸರಿಯಾದ ತಾಳದಲ್ಲಿ ಮಿಡಿಯುತ್ತಿದೆ ಎಂದೇ ಅರ್ಥ.